ಶುಗರ್ ಬಾರ್ಡರ್‌ನಲ್ಲಿದ್ದಾಗ ಬ್ಲೂಬೆರಿಯೋ, ನೇರಳೆಯೋ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ, ವಯಸ್ಸು 48. ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ 6.1, ಟ್ರೈಗ್ಲಿಸರೈಡ್ 190 ಬಂದಿದೆ. ಸೊಂಟದ ಸುತ್ತಳತೆ 92 ಸೆಂ.ಮೀ. ಶುಗರ್ ಬಾರ್ಡರ್‌ನಲ್ಲಿದೆ ಎಂದು ವೈದ್ಯರು ಊಟ, ನಡಿಗೆಯ ಸಲಹೆಯ ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಬ್ಲೂಬೆರಿಯಲ್ಲಿ ಪಾಲಿಫಿನಾಲ್ ಹೇರಳವಾಗಿದೆ, ಅದರಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಬೆಂಗಳೂರಿನಲ್ಲಿರುವ ಮಗಳು ವಾರವಾರ ಡಬ್ಬಿ ಕಳಿಸುತ್ತಿದ್ದಾಳೆ. 125 ಗ್ರಾಂಗೆ ಸುಮಾರು 300 ರೂಪಾಯಿ. ನಮ್ಮ ಅತ್ತೆಯವರು ನೇರಳೆ ಬೀಜದ ಪುಡಿ ಇದ್ದರೆ ಸಾಕು, ಮಾತ್ರೆ ಬೇಡ ಎನ್ನುತ್ತಾರೆ. ನಾನು ಯಾವುದನ್ನು ಅನುಸರಿಸಲಿ?

ಉತ್ತರ: ನಿಮ್ಮ ವರದಿಯಲ್ಲಿರುವ ಅಂಕಿಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಣ್ಣು ಏನು ಮಾಡಬಲ್ಲದು ಎಂಬುದನ್ನು ಅಳೆಯಬೇಕಾದದ್ದು ಅವುಗಳ ಎದುರಿಗೇ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಮತ್ತು ಕಳೆದ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದನ್ನು ಮಧುಮೇಹಪೂರ್ವ ಸ್ಥಿತಿ ಎಂದು ಕರೆಯುತ್ತಾರೆ; ನೀವು ಎರಡರಲ್ಲೂ ಆ ವ್ಯಾಪ್ತಿಯೊಳಗೇ ಇದ್ದೀರಿ. ಅದರ ಜೊತೆಗೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 150ನ್ನು ದಾಟಿದೆ, ಭಾರತೀಯ ಮಹಿಳೆಯರಿಗೆ 80 ಸೆಂ.ಮೀ. ಎಂದು ಹಾಕಿರುವ ಸೊಂಟದ ಗಡಿಯೂ ದಾಟಿದೆ. ಸೊಂಟ, ಸಕ್ಕರೆ, ಟ್ರೈಗ್ಲಿಸರೈಡ್, ರಕ್ತದೊತ್ತಡ ಮತ್ತು ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಎಂಬ ಐದರಲ್ಲಿ ಮೂರು ಕೆಟ್ಟಿದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು, ನಿಮಗೆ ಮೂರು ಆಗಲೇ ಆಗಿವೆ. ಇದರ ಬೇರು ಇನ್ಸುಲಿನ್ ಪ್ರತಿರೋಧದಲ್ಲಿದೆ: ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತಲೇ ಇದ್ದರೂ ಸ್ನಾಯು ಮತ್ತು ಯಕೃತ್ತು ಅದರ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 13.6 ಕೋಟಿ ಜನ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಆಗುವುದಿಲ್ಲ. ನಿಮಗೆ ಹಿಂದಿರುಗಲು ಸಾಧ್ಯವಿರುವ ಹಂತದಲ್ಲೇ ಗೊತ್ತಾಗಿದೆ ಎಂಬುದು ಒಳ್ಳೆಯ ಸಂಗತಿ.

ಇನ್ನು ಹಣ್ಣಿನ ವಿಷಯ. ಪಾಲಿಫಿನಾಲ್‌ಗಳೆಂದರೆ ಗಿಡಗಳು ಬಿಸಿಲು, ಕೀಟ, ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸಿಕೊಳ್ಳುವ ಸಾವಿರಾರು ಸಂಯುಕ್ತಗಳ ಒಂದು ದೊಡ್ಡ ಕುಟುಂಬ. ಅವುಗಳಲ್ಲಿ ಕಣ್ಣಿಗೆ ಕಾಣುವುದು ಆಂಥೋಸಯಾನಿನ್ ಎಂಬ ಕೆಂಪು–ನೀಲಿ–ನೇರಳೆ ಬಣ್ಣದ ವರ್ಗ. ನೇರಳೆ ಹಣ್ಣು ಬಿಡಿಸಿದ ಕೈಯನ್ನು ಸೋಪಿನಲ್ಲಿ ತೊಳೆದರೆ ಕಲೆ ಹೋಗುವ ಬದಲು ನೀಲಿಗೆ ತಿರುಗುವುದನ್ನೂ, ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಕೆಂಪಾಗುವುದನ್ನೂ ನೀವು ಅಡುಗೆಮನೆಯಲ್ಲೇ ನೋಡಬಹುದು. ಹುಳಿ ಮತ್ತು ಕ್ಷಾರಕ್ಕೆ ತಕ್ಕಂತೆ ತನ್ನ ರಚನೆಯನ್ನೇ ಬದಲಿಸಿಕೊಳ್ಳುವ ಈ ಬಣ್ಣವೇ ಆಂಥೋಸಯಾನಿನ್. ಹಣ್ಣು ತಿಂದ ಮೇಲೆ ನಾಲಿಗೆ ಒರಟಾಗಿ, ಬಾಯಿ ಒಣಗಿದಂತೆ ಆಗುವ ಒಗರು ಇನ್ನೊಂದು ವರ್ಗದ ಪಾಲಿಫಿನಾಲ್‌ಗಳಾದ ಟ್ಯಾನಿನ್‌ಗಳದು: ಅವು ಜೊಲ್ಲಿನಲ್ಲಿರುವ ಪ್ರೋಟೀನ್‌ಗಳನ್ನು ಹಿಡಿದು ಗಟ್ಟಿಯಾಗಿಸುತ್ತವೆ. ಪ್ರೋಟೀನನ್ನು ಹೀಗೆ ಹಿಡಿಯುವ ಗುಣ ಹೊಟ್ಟೆಯೊಳಗೂ ಕೆಲಸಕ್ಕೆ ಬರುತ್ತದೆ. ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವ ಕಿಣ್ವಗಳೂ ಪ್ರೋಟೀನ್‌ಗಳೇ ಆಗಿರುವುದರಿಂದ ಪಾಲಿಫಿನಾಲ್‌ಗಳು ಅವುಗಳ ವೇಗವನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಲ್ಲವು. ಕರುಳಿನ ಗೋಡೆಯಿಂದ ಗ್ಲೂಕೋಸ್ ಒಳಗೆ ಸಾಗುವುದನ್ನೂ ಅವು ನಿಧಾನಗೊಳಿಸುತ್ತವೆ ಎಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ.

ಆದರೆ ಈ ಬಣ್ಣದಲ್ಲಿ ರಕ್ತವನ್ನು ಹಾಗೆಯೇ ಸೇರುವ ಭಾಗ ಬಹಳ ಕಡಿಮೆ. ಹೆಚ್ಚಿನದು ದೊಡ್ಡ ಕರುಳಿನವರೆಗೆ ಹೋಗಿ, ಅಲ್ಲಿರುವ ಸೂಕ್ಷ್ಮಜೀವಿಗಳ ಕೈಯಲ್ಲಿ ಒಡೆದು, ಚಿಕ್ಕ ಫಿನಾಲಿಕ್ ಆಮ್ಲಗಳಾಗಿ ಆಮೇಲೆ ರಕ್ತಕ್ಕೆ ಬರುತ್ತದೆ. ಆದ್ದರಿಂದ ಒಂದೇ ಹಣ್ಣನ್ನು ಒಂದೇ ಅಳತೆಯಲ್ಲಿ ತಿಂದ ಇಬ್ಬರ ರಕ್ತದಲ್ಲಿ ಕಾಣಿಸಿಕೊಳ್ಳುವ ವಸ್ತುಗಳು ಬೇರೆ ಬೇರೆ ಇರುತ್ತವೆ. ಬೆಟ್ಟದ ನೆಲ್ಲಿಕಾಯಿ, ಸ್ಟ್ರಾಬೆರಿಗಳಲ್ಲಿರುವ ಎಲ್ಲಾಜಿಟ್ಯಾನಿನ್‌ನಿಂದ ಯೂರೋಲಿಥಿನ್ ಎಂಬ ವಸ್ತುವನ್ನು ತಯಾರಿಸಬಲ್ಲ ಜೀವಿಗಳು ಕೆಲವರ ಕರುಳಿನಲ್ಲಿ ಇರುವುದೇ ಇಲ್ಲ. ಪಕ್ಕದ ಮನೆಯವರಿಗೆ ಆದ ಲಾಭ ತನಗೆ ಆಗಲಿಲ್ಲವೆಂದು ದುಃಖಿಸುವವರಿಗೆ ನಾನು ಹೇಳುವ ಕಾರಣಗಳಲ್ಲಿ ಇದೂ ಒಂದು. ಡಬ್ಬಿಯ ಮೇಲೆ ಆಂಟಿಆಕ್ಸಿಡೆಂಟ್ ಅಂಕಿ ಇಷ್ಟೆಂದು ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಪ್ರನಾಳದಲ್ಲಿ ಅಳೆದ ಅಂಥ ಒರಾಕ್ ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು. ಆ ಅಂಕಿಗೂ ಮನುಷ್ಯನ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಸಿಗಲಿಲ್ಲ.

ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಏನು ಹೇಳುತ್ತವೆ ಎಂಬುದೇ ಇಲ್ಲಿ ಮುಖ್ಯ. ನಿಮ್ಮ ಮಗಳು ಹೇಳಿದ ಮಾತಿನ ಮೂಲ ಬಹುಶಃ 2010ರ ಒಂದು ಅಮೆರಿಕನ್ ಪ್ರಯೋಗ. ಸ್ಥೂಲಕಾಯವೂ ಇನ್ಸುಲಿನ್ ಪ್ರತಿರೋಧವೂ ಇದ್ದ, ಆದರೆ ಮಧುಮೇಹ ಬಂದಿರದ 32 ಜನರಿಗೆ ಆರು ವಾರ ದಿನಕ್ಕೆರಡು ಬಾರಿ ಒಂದು ಪಾನೀಯ ಕೊಟ್ಟರು. ಅರ್ಧದಷ್ಟು ಜನರ ಪಾನೀಯದಲ್ಲಿ ದಿನಕ್ಕೆ 45 ಗ್ರಾಂ ಒಣಗಿಸಿದ ಬ್ಲೂಬೆರಿ ಪುಡಿ ಇತ್ತು, ಉಳಿದವರದರಲ್ಲಿ ಇರಲಿಲ್ಲ. ಇನ್ಸುಲಿನ್‌ಗೆ ದೇಹ ಓಗೊಡುವ ಶಕ್ತಿಯನ್ನು ರಕ್ತನಾಳಕ್ಕೆ ಇನ್ಸುಲಿನ್ ಮತ್ತು ಗ್ಲೂಕೋಸ್ ಹರಿಸಿ ನೋಡುವ, ಅತ್ಯಂತ ನಂಬಲರ್ಹವಾದ ಕ್ಲ್ಯಾಂಪ್ ವಿಧಾನದಿಂದ ಅಳೆದಾಗ, ಬ್ಲೂಬೆರಿ ಕುಡಿದ 15 ಜನರಲ್ಲಿ 10 ಜನರಿಗೆ ಕನಿಷ್ಠ ಶೇ 10ರಷ್ಟು ಸುಧಾರಣೆ ಕಂಡಿತು, ಕುಡಿಯದ 17 ಜನರಲ್ಲಿ 7 ಜನರಿಗೆ ಕಂಡಿತು. ಈ ಎರಡನೆಯ ಅಂಕಿಯನ್ನು ಗಮನಿಸಿ: ಏನೂ ಇಲ್ಲದ ಪಾನೀಯ ಕುಡಿದವರಲ್ಲೂ ಏಳು ಜನ ಸುಧಾರಿಸಿದ್ದರು. ಹೋಲಿಕೆಯ ಗುಂಪಿಲ್ಲದೆ ‘ನಾನು ತಿಂದೆ, ನನಗೆ ಕಡಿಮೆಯಾಯಿತು’ ಎಂದು ಹೇಳುವ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಪುರಾವೆಯಾಗಿ ಏಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆ ಪ್ರಯೋಗದಲ್ಲಿ ಖಾಲಿ ಹೊಟ್ಟೆಯ ಸಕ್ಕರೆಯ ಮಟ್ಟ ಬದಲಾಗಲಿಲ್ಲ ಎಂಬುದೂ ನೆನಪಿರಲಿ.

2019ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಅಧ್ಯಯನ ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರದ್ದು. ಮೆಟಬಾಲಿಕ್ ಸಿಂಡ್ರೋಮ್ ಇದ್ದ 115 ಜನ ಆರು ತಿಂಗಳು ಪೂರ್ತಿ ದಿನಕ್ಕೆ 150 ಗ್ರಾಂ ಅಥವಾ 75 ಗ್ರಾಂ ಬ್ಲೂಬೆರಿಗೆ ಸಮನಾದ ಪುಡಿಯನ್ನೋ ಅದೇ ಬಣ್ಣದ ಪೊಳ್ಳು ಪುಡಿಯನ್ನೋ ತೆಗೆದುಕೊಂಡರು. 150 ಗ್ರಾಂ ಗುಂಪಿನಲ್ಲಿ ರಕ್ತನಾಳಗಳು ಹಿಗ್ಗುವ ಸಾಮರ್ಥ್ಯ ಉತ್ತಮಗೊಂಡಿತು. ಇನ್ಸುಲಿನ್ ಪ್ರತಿರೋಧ ಮಾತ್ರ ಯಾವ ಗುಂಪಿನಲ್ಲೂ ಬದಲಾಗಲಿಲ್ಲ. 75 ಗ್ರಾಂ ಗುಂಪಿನಲ್ಲಿ ರಕ್ತನಾಳದ ಲಾಭವೂ ಕಾಣಲಿಲ್ಲ. ಮಗಳು ಕಳಿಸುವ 125 ಗ್ರಾಂ ಡಬ್ಬಿಯನ್ನು ನೀವು ಒಂದು ವಾರಕ್ಕೆ ಹಂಚಿಕೊಂಡು ತಿನ್ನುತ್ತಿದ್ದರೆ ದಿನಕ್ಕೆ 18 ಗ್ರಾಂ ಆಗುತ್ತದೆ. ಪ್ರಯೋಗದ ಫಲಿತಾಂಶವನ್ನು ಆ ಹತ್ತು ಹನ್ನೆರಡು ಕಾಳುಗಳಿಗೆ ಅನ್ವಯಿಸಲು ಬರುವುದಿಲ್ಲ. ದಿನವೂ 150 ಗ್ರಾಂ ತಿನ್ನಬೇಕೆಂದರೆ ನೀವು ಹೇಳಿದ ಬೆಲೆಯಲ್ಲಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಶಿಕ್ಷಕರ ಮನೆಯೊಂದರಲ್ಲಿ ಅಷ್ಟು ಹಣ ಹಣ್ಣೊಂದಕ್ಕೇ ಹೋಗುವುದನ್ನು ನಾನು ಒಪ್ಪಲಾರೆ.

ಮಧುಮೇಹ ಬಂದಾಗಿದ್ದ 52 ಪುರುಷರ ಮೇಲೆ ಎಂಟು ವಾರ ನಡೆದ 2020ರ ಪ್ರಯೋಗವೊಂದರಲ್ಲಿ ದಿನಕ್ಕೆ 22 ಗ್ರಾಂ ಒಣ ಬ್ಲೂಬೆರಿ ಪುಡಿ ಪಡೆದವರ ಎಚ್‌ಬಿಎ1ಸಿ ಮತ್ತು ಟ್ರೈಗ್ಲಿಸರೈಡ್ ಹೋಲಿಕೆಯ ಗುಂಪಿಗಿಂತ ಕಡಿಮೆ ಇತ್ತು, ಖಾಲಿ ಹೊಟ್ಟೆಯ ಸಕ್ಕರೆ ಅಲ್ಲಿಯೂ ಬದಲಾಗಲಿಲ್ಲ. ಸುಮಾರು 1,87,000 ಅಮೆರಿಕನ್ ಆರೋಗ್ಯ ವೃತ್ತಿಪರರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಮೂರು ಬಾರಿ ಬ್ಲೂಬೆರಿ ತಿನ್ನುವುದಕ್ಕೂ ಟೈಪ್ 2 ಮಧುಮೇಹದ ಅಪಾಯ ಶೇ 26ರಷ್ಟು ಕಡಿಮೆ ಇರುವುದಕ್ಕೂ ನಂಟು ಕಂಡಿತು. ಹಣ್ಣಿನ ರಸ ಕುಡಿಯುವವರಲ್ಲಿ ಅಪಾಯ ಶೇ 8ರಷ್ಟು ಹೆಚ್ಚಿತ್ತು. ಇದು ನಂಟು ಮಾತ್ರ. ಬ್ಲೂಬೆರಿ ಕೊಳ್ಳುವವರು ಸಾಮಾನ್ಯವಾಗಿ ನಡೆಯುವವರೂ ಧೂಮಪಾನ ಮಾಡದವರೂ ಆಗಿರುತ್ತಾರೆ, ಲೆಕ್ಕದಲ್ಲಿ ಎಷ್ಟೇ ಸರಿಪಡಿಸಿದರೂ ಆ ನೆರಳು ಪೂರ್ತಿ ಹೋಗುವುದಿಲ್ಲ. ಬ್ಲೂಬೆರಿಯ ಅನೇಕ ಪ್ರಯೋಗಗಳಿಗೆ, 2019ರ ಬ್ರಿಟಿಷ್ ಪ್ರಯೋಗವೂ ಸೇರಿದಂತೆ, ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯ ಹಣ ಇದೆ. ಹಾಗೆಂದು ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಇನ್ಸುಲಿನ್ ಬದಲಾಗಲಿಲ್ಲ ಎಂಬ ಫಲಿತಾಂಶವನ್ನೂ ಅವರು ಮುಚ್ಚಿಡದೆ ಪ್ರಕಟಿಸಿದ್ದಾರೆ. ಆದರೆ ನೇರಳೆ ಬೆಳೆಯುವ ರೈತರ ಪರವಾಗಿ ಅಷ್ಟು ಹಣ ಸುರಿದು ಪ್ರಯೋಗ ಮಾಡಿಸುವವರು ಯಾರೂ ಇಲ್ಲದ ಕಾರಣ ಬ್ಲೂಬೆರಿಯ ಹೆಸರು ಮೇಲೆ ಬಂದಿದೆ ಎಂಬುದನ್ನು ನಮ್ಮ ಭಾಗದ ಓದುಗರು ತಿಳಿದಿರಬೇಕು.

ಊಟದ ನಂತರ ಸಕ್ಕರೆ ಏರುವ ವೇಗದ ಬಗ್ಗೆ ಫಿನ್‌ಲೆಂಡಿನವರು 2010ರಲ್ಲಿ ಮಾಡಿದ ಸಣ್ಣ ಪ್ರಯೋಗ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ. 12 ಆರೋಗ್ಯವಂತರಿಗೆ 35 ಗ್ರಾಂ ಸಕ್ಕರೆಯನ್ನು ಒಮ್ಮೆ ಹಾಗೆಯೂ, ಇನ್ನೊಮ್ಮೆ ಬಿಲ್‌ಬೆರಿ, ಬ್ಲ್ಯಾಕ್‌ಕರಂಟ್, ಕ್ರ್ಯಾನ್‌ಬೆರಿ, ಸ್ಟ್ರಾಬೆರಿಗಳನ್ನು ಅರೆದ 150 ಗ್ರಾಂ ಮಿಶ್ರಣದೊಂದಿಗೂ ಕೊಟ್ಟಾಗ, ಹಣ್ಣಿನೊಂದಿಗೆ ಸೇವಿಸಿದ ದಿನ 15 ಮತ್ತು 30ನೇ ನಿಮಿಷದಲ್ಲಿ ರಕ್ತದ ಸಕ್ಕರೆ ಕಡಿಮೆ ಇತ್ತು, 150ನೇ ನಿಮಿಷದಲ್ಲಿ ತುಸು ಹೆಚ್ಚಿತ್ತು. ಅಂದರೆ ಸಕ್ಕರೆ ಮಾಯವಾಗಲಿಲ್ಲ, ಏರಿಳಿತ ತಗ್ಗಿ ನಿಧಾನವಾಗಿ ಒಳಗೆ ಬಂತು. ಇನ್ಸುಲಿನ್ ಪ್ರತಿರೋಧ ಇರುವವರಿಗೆ ಈ ನಿಧಾನವೇ ಬೇಕಾದದ್ದು. ಹಾಗಾಗಿ ಇಂಥ ಹಣ್ಣನ್ನು ಸಂಜೆ ಒಂಟಿಯಾಗಿ ರಸ ಮಾಡಿ ಕುಡಿಯುವುದಕ್ಕಿಂತ ಊಟದ ಜೊತೆಗೆ, ಸಿಪ್ಪೆ ಸಮೇತ, ಅಗಿದು ತಿನ್ನುವುದು ಮೇಲು.

ನೇರಳೆಗೆ ಬರೋಣ. ಬ್ಲೂಬೆರಿಯ ನೀಲಿಗೆ ಕಾರಣವಾದ ಡೆಲ್ಫಿನಿಡಿನ್, ಪೆಟ್ಯೂನಿಡಿನ್, ಮಾಲ್ವಿಡಿನ್ ಎಂಬ ಮೂರು ಬಣ್ಣದ ಮೂಲ ಅಣುಗಳೇ ನಮ್ಮ ನೇರಳೆಯಲ್ಲೂ ಪ್ರಧಾನವಾಗಿವೆ. ವ್ಯತ್ಯಾಸವಿರುವುದು ಅವುಗಳಿಗೆ ಅಂಟಿಕೊಂಡ ಸಕ್ಕರೆ ಅಣುಗಳ ಸಂಖ್ಯೆಯಲ್ಲಿ. ಬಣ್ಣವೆಲ್ಲ ಹೆಚ್ಚಾಗಿ ಸಿಪ್ಪೆಯಲ್ಲಿ ಮತ್ತು ಅದಕ್ಕೆ ತಾಗಿದ ತಿರುಳಿನಲ್ಲಿರುತ್ತದೆ, ಆದ್ದರಿಂದ ಜೂನ್ ತಿಂಗಳಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಬುಟ್ಟಿಗಳ ಮುಂದೆ ನಿಂತಾಗ ದೊಡ್ಡ ಜಂಬುನೇರಳೆಯನ್ನೇ ಆರಿಸಬೇಕೆಂದಿಲ್ಲ. ತಿರುಳು ಕಡಿಮೆ, ಒಗರು ಹೆಚ್ಚು ಇರುವ ಚಿಕ್ಕ ನಾಟಿ ನೇರಳೆಯಲ್ಲಿ ತೂಕಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಕೆಂಪು ಛಾಯೆ ಪೂರ್ತಿ ಹೋಗಿ ಕಪ್ಪಾದ ಹಣ್ಣನ್ನೇ ತೆಗೆದುಕೊಳ್ಳಿ. ಬೀಜ ಬಿಟ್ಟು 100 ಗ್ರಾಂ ತಿಂದರೆ ದಿನದ ಹಣ್ಣಿನ ಪಾಲು ಮುಗಿಯಿತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದೇ ಹೇಳುತ್ತದೆ. ಉಪ್ಪು ಹಚ್ಚಿ ತಿನ್ನುವ ರೂಢಿ ಇದೆ, ರಕ್ತದೊತ್ತಡ ಇದ್ದರೆ ಅದನ್ನು ಬಿಡಿ. ಹಂಗಾಮು ಕೆಲವೇ ವಾರ ಇರುವುದರಿಂದ ಬೀಜ ತೆಗೆದ ತಿರುಳನ್ನು ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದು. ಶೀತದಲ್ಲಿ ಬಣ್ಣ ಬಹಳಷ್ಟು ಉಳಿಯುತ್ತದೆ, ಕುದಿಸಿ ಜಾಮ್ ಮಾಡಿದರೆ ನಶಿಸುತ್ತದೆ, ಮೇಲಾಗಿ ಸಕ್ಕರೆ ಸೇರುತ್ತದೆ. ಬೆಲ್ಲ ಹಾಕಿದ ನೇರಳೆ ಪಾನಕವೂ ಹಾಗೆಯೇ. ಆಲೆಮನೆಯ ಬೆಲ್ಲ ನಮ್ಮ ಮಂಡ್ಯದ ಹೆಮ್ಮೆಯಾದರೂ ರಕ್ತದ ಸಕ್ಕರೆಯ ಲೆಕ್ಕದಲ್ಲಿ ಅದು ಸಕ್ಕರೆಯೇ.

ಬೀಜದ ಪುಡಿಯ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ಪ್ರಮೇಹಕ್ಕೆ (ಮಧುಮೇಹವನ್ನೂ ಒಳಗೊಂಡ ಮೂತ್ರದ ಕಾಯಿಲೆಗಳಿಗೆ) ನೇರಳೆ ಬೀಜ ಬಳಸುವುದು ಆಯುರ್ವೇದದಲ್ಲಿ ಬಹುಕಾಲದಿಂದ ಇರುವ ಪದ್ಧತಿ, ಬೀಜದಲ್ಲಿ ಗ್ಯಾಲಿಕ್ ಆಮ್ಲ, ಎಲ್ಲಾಜಿಕ್ ಆಮ್ಲ, ಟ್ಯಾನಿನ್‌ಗಳು ಸಮೃದ್ಧವಾಗಿರುವುದೂ ನಿಜ, ಇಲಿಗಳಲ್ಲಿ ಸಕ್ಕರೆ ಇಳಿದ ವರದಿಗಳೂ ಅನೇಕ ಇವೆ. ಇಲಿಯಿಂದ ಮನುಷ್ಯನಿಗೆ ಬಂದಾಗ ಫಲ ಹಾಗೆಯೇ ಉಳಿಯುವುದಿಲ್ಲ. ಬ್ರೆಜಿಲ್‌ನಲ್ಲಿಯೂ ನೇರಳೆಯನ್ನು ಮಧುಮೇಹಕ್ಕೆ ಬಳಸುವ ರೂಢಿ ಇದ್ದು, ಅಲ್ಲಿನ ವೈದ್ಯರು ನೇರಳೆ ಎಲೆಯ ಕಷಾಯವನ್ನು ಮಧುಮೇಹದ ಗ್ಲಿಬೆನ್‌ಕ್ಲಮೈಡ್ ಮಾತ್ರೆಯ ಎದುರಿಗೆ ಇಟ್ಟು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮಾತ್ರೆ ಸಕ್ಕರೆ ಇಳಿಸಿತ್ತು, ಕಷಾಯ ಇಳಿಸಿರಲಿಲ್ಲ. ಎಲೆ ಬೇರೆ, ಬೀಜ ಬೇರೆ ಎಂದು ನಿಮ್ಮ ಅತ್ತೆಯವರು ಹೇಳಿದರೆ ಅದು ನ್ಯಾಯವಾದ ಆಕ್ಷೇಪಣೆ. ಆದರೂ ಅಂಗಡಿಯಲ್ಲಿ ಸಿಗುವ ಪುಡಿಯ ಒಂದು ಚಮಚದಲ್ಲಿ ಯಾವ ಅಂಶ ಎಷ್ಟಿದೆ ಎಂಬ ಭರವಸೆ ಇಲ್ಲದಿರುವಾಗ, ವೈದ್ಯರು ಅಳತೆ ಮಾಡಿ ಬರೆದ ಮಾತ್ರೆಯನ್ನು ಬಿಟ್ಟು ಅದನ್ನು ಹಿಡಿಯಲು ಹೇಳುವ ಆಧಾರ ನನ್ನ ಬಳಿ ಇಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಪುಡಿಯನ್ನೂ ಸೇರಿಸಿಕೊಂಡರೆ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ, ಅವರು ವೈದ್ಯರಿಗೆ ತಿಳಿಸದೆ ಮುಟ್ಟಲೇಬಾರದು.

ನಿಮ್ಮ ಸುತ್ತ ಇನ್ನೂ ಒಂದು ಹಣ್ಣಿದೆ, ರೇಷ್ಮೆ ಸೀಮೆಯವರು ಮರೆತದ್ದು: ಹಿಪ್ಪುನೇರಳೆ. ಸೊಪ್ಪಿಗಾಗಿ ಗಿಡವನ್ನು ಮತ್ತೆ ಮತ್ತೆ ಕತ್ತರಿಸುವುದರಿಂದ ತೋಟದಲ್ಲಿ ಹಣ್ಣು ಬಲಿಯಲು ಅವಕಾಶ ಸಿಗುವುದಿಲ್ಲ, ಕತ್ತರಿಸದೆ ಬಿಟ್ಟ ಬದುವಿನ ಮರದಲ್ಲಿ ಕಪ್ಪಾಗಿ ತೂಗುತ್ತದೆ. ಅದರ ಕಪ್ಪು ಸಯಾನಿಡಿನ್ ವರ್ಗದ ಆಂಥೋಸಯಾನಿನ್‌ಗಳದು. ಸೊಪ್ಪಿನಲ್ಲಿ ಡಿಎನ್‌ಜೆ ಎಂಬ, ಕರುಳಿನ ಸಕ್ಕರೆ ಒಡೆಯುವ ಕಿಣ್ವವನ್ನು ತಡೆಯುವ ವಸ್ತುವಿದೆ. ಸೊಪ್ಪಿನ ಸಾರವನ್ನು ಸಕ್ಕರೆಯೊಂದಿಗೆ ಕೊಟ್ಟಾಗ ಮನುಷ್ಯರಲ್ಲೂ ಸಕ್ಕರೆ ಏರುವುದು ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಔಷಧಿ ಸಿಂಪಡಿಸಿದ ತೋಟದ ಹಣ್ಣನ್ನಾಗಲಿ ಸೊಪ್ಪನ್ನಾಗಲಿ ಕೊಯ್ದು ಬಾಯಿಗೆ ಹಾಕಿಕೊಳ್ಳಬೇಡಿ, ಸಿಂಪಡಣೆ ಆಗದ ಮರದ್ದೆಂದು ಖಚಿತವಾಗಿದ್ದರೆ ಮಾತ್ರ ತಿನ್ನಿ. ಕಾರ್ತಿಕದಲ್ಲಿ ತುಳಸಿ ಹಬ್ಬದ ಹೊತ್ತಿಗೆ ಬೆಟ್ಟದ ನೆಲ್ಲಿಕಾಯಿ ಬರುತ್ತದೆ, ದಿನಕ್ಕೊಂದು ಅಥವಾ ಎರಡನ್ನು ಹಸಿಯಾಗಿ ಚಟ್ನಿಗೋ ಚಿತ್ರಾನ್ನಕ್ಕೋ ಹಾಕಿಕೊಳ್ಳಬಹುದು. ಸಕ್ಕರೆ ಪಾಕದಲ್ಲಿ ನೆನೆಸಿದ ನೆಲ್ಲಿಕಾಯಿ ಬೇಡ. ಬೇಕರಿಯ ಕೇಕಿನ ಮೇಲಿರುವ ಕೆಂಪು ‘ಚೆರ್ರಿ’ ಅನೇಕ ಸಲ ಕವಳಿಕಾಯಿಯನ್ನು ಪಾಕದಲ್ಲಿ ಬೇಯಿಸಿ ಬಣ್ಣ ಹಾಕಿದ್ದು. ಹಸಿ ಕವಳಿಕಾಯಿಯ ಉಪ್ಪಿನಕಾಯಿಗೂ ಅದಕ್ಕೂ ಹೆಸರಿನ ಸಂಬಂಧವಷ್ಟೇ ಉಳಿದಿರುತ್ತದೆ.

ಪಾಲಿಫಿನಾಲ್ ಎಂದರೆ ಹಣ್ಣು ಮಾತ್ರ ಎಂದೂ ತಿಳಿಯಬೇಡಿ. ರಾಗಿಯ ಕೆಂಗಪ್ಪು ಸಿಪ್ಪೆಯ ಫಿನಾಲಿಕ್ ಅಂಶಗಳು ಪಿಷ್ಟ ಒಡೆಯುವ ಕಿಣ್ವಗಳನ್ನು ತಡೆಯುತ್ತವೆ ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳೇ ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಹುರುಳಿಕಾಳು, ಅವರೆಕಾಳು, ಸೊಪ್ಪು, ಸಕ್ಕರೆ ಹಾಕದ ಫಿಲ್ಟರ್ ಕಾಫಿ ಎಲ್ಲದರಲ್ಲೂ ಅವು ಇವೆ. ಹಾಗೆಂದು ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಂದು, ಮೇಲೆ ಒಂದು ತಟ್ಟೆ ಅನ್ನ ಬಡಿಸಿಕೊಂಡರೆ ಸಿಪ್ಪೆಯ ಗುಣ ಪಿಷ್ಟದ ರಾಶಿಯ ಮುಂದೆ ನಿಲ್ಲುವುದಿಲ್ಲ. ನಿಮ್ಮ ತಟ್ಟೆಯಲ್ಲಿ ನಾನು ನೋಡಬಯಸುವುದು ಒಂದು ಚಿಕ್ಕ ಮುದ್ದೆ, ಬಸ್ಸಾರಿನ ಜೊತೆಗೆ ಅದರ ಸೊಪ್ಪು–ಕಾಳಿನ ಪಲ್ಯ ಮುದ್ದೆಗಿಂತ ಹೆಚ್ಚು, ಅನ್ನ ಅರ್ಧಕ್ಕಿಂತ ಕಡಿಮೆ, ಮತ್ತು ಊಟದ ಕೊನೆಯಲ್ಲಿ ಸಿಹಿಯ ಜಾಗಕ್ಕೆ ಒಂದು ಬಟ್ಟಲು ನೇರಳೆಯೋ ಕಾಲಕ್ಕೆ ತಕ್ಕ ಬೇರೆ ಹಣ್ಣೋ. ಹಣ್ಣು ಯಾವುದರ ಜಾಗಕ್ಕೆ ಬರುತ್ತದೆ ಎಂಬುದರಿಂದಲೇ ಲಾಭದ ಬಹುಭಾಗ ಬರುತ್ತದೆ. ನಾಲ್ಕು ಗಂಟೆಯ ಕಾಫಿಯ ಜೊತೆಗಿನ ಬಿಸ್ಕತ್ತನ್ನೋ ಮದ್ದೂರು ವಡೆಯನ್ನೋ ತೆಗೆದು ಆ ಜಾಗಕ್ಕೆ ಹಣ್ಣಿಟ್ಟರೆ ಟ್ರೈಗ್ಲಿಸರೈಡ್ ಇಳಿಯಲು ದಾರಿಯಾಗುತ್ತದೆ. ಅವನ್ನೆಲ್ಲ ಉಳಿಸಿಕೊಂಡು ಮೇಲಿನಿಂದ ಬ್ಲೂಬೆರಿ ಸೇರಿಸಿದರೆ ಪ್ರತಿ 100 ಗ್ರಾಂಗೆ ಸುಮಾರು 10 ಗ್ರಾಂ ಸಕ್ಕರೆಯೂ ಸೇರುತ್ತದೆ.

ಮಾತ್ರೆಯ ಬಗ್ಗೆ ನೀವು ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ, ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ದೇಶದ 531 ಮಧುಮೇಹಪೂರ್ವ ಸ್ಥಿತಿಯವರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ–ನಡಿಗೆಯ ಬದಲಾವಣೆ ಮಾಡಿಕೊಂಡವರಿಗೆ ಮಧುಮೇಹ ಬರುವ ಅಪಾಯ ಶೇ 28.5ರಷ್ಟು, ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೆ ಶೇ 26.4ರಷ್ಟು ತಗ್ಗಿತು. ಇವೆರಡೂ ನಮ್ಮವರ ಮೇಲೆಯೇ ಪರೀಕ್ಷೆಯಾದ ದಾರಿಗಳು. ಯಾವ ಬೆರಿ ಹಣ್ಣಿಗೂ ಇಂಥ ಪುರಾವೆ ಇಲ್ಲ. ಮೂರು ತಿಂಗಳ ನಂತರ ಅಂಕಿಗಳು ಇಳಿದಿದ್ದರೆ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನೇ ಕೇಳಿ. ಅಲ್ಲಿಯವರೆಗೆ ರಾತ್ರಿ ಊಟವಾದ ಮೇಲೆ 20 ನಿಮಿಷ ನಡೆಯಿರಿ, ಸ್ನಾಯು ಆ ಹೊತ್ತಿನಲ್ಲಿ ಇನ್ಸುಲಿನ್‌ನ ನೆರವು ಹೆಚ್ಚು ಬೇಡದೆಯೇ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ.

ಮುಂದಿನ ಪರೀಕ್ಷೆಗೆ ಹೋಗುವಾಗ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ಟ್ಯಾನಿನ್‌ಗಳು ಸೊಪ್ಪು–ಕಾಳುಗಳಲ್ಲಿರುವ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ, ಕೊರತೆ ಇದೆಯೆಂದು ಗೊತ್ತಾದರೆ ನೇರಳೆ ಮತ್ತು ಕಾಫಿಯನ್ನು ಊಟದಿಂದ ಎರಡು ಗಂಟೆ ದೂರವಿಟ್ಟು, ಊಟದ ಜೊತೆಗೆ ನೆಲ್ಲಿಕಾಯಿ ಅಥವಾ ನಿಂಬೆರಸವನ್ನು ಇಟ್ಟುಕೊಳ್ಳಿ.